ದೇವರ ಹೋರಿಗೆ ಹಗ್ಗ ಹಾಕಿದ್ದು

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ನಮ್ಮೂರ ಪುರಸಭೆಯಲ್ಲಿ ಹೊಸ ಕಾರಕೂನ. ಪೇಟೆಯಲ್ಲಿ ಹೆಣ್ಣುಮಕ್ಕಳು, ಮುದುಕರು ಜೀವ ಕೈಯಲ್ಲಿ ಹಿಡಿದು ಓಡಾಡಬೇಕಾಗಿದೆ ಎಂಬ ದೂರು ಬಂದು, ಮೇಲಿನವರು ಮೂರು ಕಟ್ಟಳೆ ಮಾಡಿದರು. ಸಂತೆಯ ದಿನ ಚಕ್ಕಡಿಗಳು ಪೇಟೆಯೊಳಗೆ ಬರಬಾರದು, ಅಂಗಡಿ ಸಾಮಾನು ಗಟಾರ ದಾಟಬಾರದು, ಬೀಡಾಡಿ ದನಗಳನ್ನು ಹಿಡಿದು ದೊಡ್ಡಿಗೆ ಹಾಕಬೇಕು. ಬರೆದವನು ನಾನೇ. ಡಂಗುರದವನು ಹಲಗೆ ಬಾರಿಸುತ್ತ ನಾನು ಬರೆದದ್ದನ್ನು ಓಣಿ ಓಣಿಯಲ್ಲಿ ಕೂಗುವಾಗ ನನಗೆ ಎಲ್ಲಿಲ್ಲದ ಗತ್ತು ಬಂದಿತ್ತು.

ಯರಗುಪ್ಪಿ ಕಡೆಯ ಚಕ್ಕಡಿಯವರು ಗೊಣಗುತ್ತ ಊರ ಹೊರಗೆ ಎತ್ತು ಬಿಚ್ಚಿದರು. ಅಂಗಡಿಯವರು ಚೀಲ ಒಳಗೆಳೆದುಕೊಂಡು, ನಾವು ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಹೊರಗಿಟ್ಟರು. ದನಗಳೂ ದೊಡ್ಡಿ ಸೇರಿದವು. ಒಂದು ಹೋರಿ ಮಾತ್ರ ಉಳಿಯಿತು. ಅದು ದೇವರಿಗೆ ಬಿಟ್ಟದ್ದು. ಯಾರ ಜೋಳದ ಚೀಲಕ್ಕೆ ಬಾಯಿ ಹಾಕಿದರೂ ಅವರು ಕೈಮುಗಿದು ಸರಿಯುತ್ತಿದ್ದರು.

ಬಿಟ್ಟವನು ನಮ್ಮಪ್ಪ. ನನಗೆ ಹನ್ನೆರಡು ವರ್ಷವಿದ್ದಾಗ ವಿಷಮಜ್ವರ ಬಂದು ಡಾಕ್ಟರು ಕೈಚೆಲ್ಲಿದ್ದರು. ಮಗ ಉಳಿದರೆ ಮನೆಯ ಹೋರಿಗರುವನ್ನು ನಿನಗೇ ಬಿಡುತ್ತೇನೆ ಎಂದು ಅಪ್ಪ ಹರಕೆ ಹೊತ್ತ. ನಾನು ಉಳಿದೆ, ಕರು ಪೇಟೆ ಸೇರಿತು.

ಕಟ್ಟಳೆ ಬಂದು ತಿಂಗಳಾಗಿರಲಿಲ್ಲ, ಆ ಹೋರಿ ಕಾಯಿಪಲ್ಯ ಮಾರುವ ಮುದುಕಿಯೊಬ್ಬಳನ್ನು ಕೆಡವಿ ಅವಳ ಮುಂಗೈ ಮುರಿಯಿತು. ದನ ಹಿಡಿಯುವ ಆಳಿಗೆ ಹಗ್ಗ ಕೊಟ್ಟೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನನ್ ಕಡಿಂದ ಆಗೂದಿಲ್ರೀ. ಬಿಟ್ಟವ್ರು ಬಂದು ಹಗ್ಗಾ ಹಾಕ್ಲಿ, ಆಮ್ಯಾಲ ನಾ ಹೊಡ್ಕೊಂಡು ಹೋಗ್ತೀನಿ."

ಕಿರಾಣಿ ಅಂಗಡಿಯವನೊಬ್ಬ ಕುಂತಲ್ಲಿಂದಲೇ ಚುಚ್ಚಿದ. "ಏನ್ ಕಾರಕೂನ್ರ, ಡಂಗರಾ ನಮಗಷ್ಟ ಏನ್ರಿ? ದೀಪದ ಬುಡಕ್ಕ ಕತ್ತಲಿ ಅಂತಾರಲ್ಲ, ಸುಳ್ಳಲ್ಲ ಬಿಡ್ರಿ!"

ಮೈಯೆಲ್ಲ ಉರಿಯಿತು. ಮನೆಗೆ ಬಂದವನೇ ಅಪ್ಪನ ಮೇಲೆ ಹರಿಹಾಯ್ದೆ.

"ಊರಿಗೆಲ್ಲಾ ಒಂದು ಕಾಯ್ದೆ, ನಮ್ ಹೋರಿಗೆ ಒಂದು ಕಾಯ್ದೆ ಏನು? ಪ್ಯಾಟ್ಯಾಗ ಮಾರಿ ತೋರ್ಸಾಕ ಆಗವಲ್ದು ನನಗ!"

"ನಮ್ ಹೋರಿ ಅನಬ್ಯಾಡ. ಅದು ದೇವರದು," ಎಂದ ಅಪ್ಪ. "ನಾ ಕೊಟ್ಟದ್ದು ತಿರುಗಿ ಹಿಡದ್ರ, ಅವನೂ ತಾ ಕೊಟ್ಟದ್ದು ತಿರುಗಿ ಕೇಳ್ತಾನ. ಏನ್ ಕೊಟ್ಟಾನ ಗೊತ್ತೈತಿಲ್ಲ ನಿನಗ?"

"ಆ ಮುದುಕಿ ಸತ್ತಿದ್ರ ಏನ್ ಹೇಳ್ತಿದ್ದಿ?"

ಅಪ್ಪ ರುಮಾಲು ಸುತ್ತಿಕೊಂಡು ನೆಟ್ಟಗೆ ಮುದುಕಿಯ ಮನೆಗೆ ಹೊರಟ. ನಾನೂ ಹಿಂದೆ ಹೋದೆ. ಅವಳು ಒಂದೇ ಕೈಯಲ್ಲಿ ರೊಟ್ಟಿ ಬಡಿಯಲು ಹೆಣಗುತ್ತಿದ್ದಳು. ಹಿಟ್ಟು ಹರಿದು ಹೋಗುತ್ತಿತ್ತು. ಬೈಯುತ್ತಾಳೆ ಎಂದು ನಾನು ಕಾದೆ.

"ಹೋರಿ ಗೊಡವಿಗೆ ಹೋಗಬ್ಯಾಡ ತಮ್ಮಾ," ಎಂದಳು. "ನನ್ ಕೈ ಇವತ್ತಿಲ್ಲಾ ನಾಳಿ ಕೂಡ್ತೈತಿ. ಒಬ್ಬನ ಮಗ ನಿನಗ. ಅವ ಬಾಳ್ಲಿ."

ಅಪ್ಪ ತಲೆ ತಗ್ಗಿಸಿ ಕುಂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

ಮರುದಿನ ಬೆಳಿಗ್ಗೆ ಅವನು ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಪೇಟೆಗೆ ಬಂದ. ಹೋರಿಯ ಮುಂದೆ ಕಾಯಿ ಒಡೆದು, ಧೂಳಿನಲ್ಲಿ ಉದ್ದಕ್ಕೆ ಅಡ್ಡಬಿದ್ದ. ಆಮೇಲೆ ಹಗ್ಗ ಹಾಕಿದ. ಎರಡು ಸಲ ಗಂಟು ತಪ್ಪಿತು. ಹೋರಿಯನ್ನು ದೊಡ್ಡಿಗೆ ತಂದಾಗ ಅಲ್ಲಿಯ ಪುಸ್ತಕ ನನ್ನ ಮುಂದೆಯೇ ಇತ್ತು. ಮಾಲಕರ ಹೆಸರಿನ ಜಾಗವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತುಂಬಿದೆ.

"ಬರಿ," ಎಂದ ಅಪ್ಪ. "ನನ್ ಹೆಸರ ಬರಿ. ನಂದು."

ಬರೆದೆ. ನಿನ್ನೆ ಕೂಗಾಡಿದ್ದಕ್ಕೆ ನಾಚಿಕೆಯಾಗಿತ್ತು. ಇನ್ನು ಪೇಟೆಗೆ ಬಿಡುವುದಿಲ್ಲವೆಂದು ರುಜು ಹಾಕಿ ಅವನು ಹೋರಿಯನ್ನು ಮನೆಗೆ ಹೊಡೆದುಕೊಂಡು ಹೋಗಿ ಗೋದಲಿಗೆ ಕಟ್ಟಿದ. ಪೇಟೆಯವರು ಭೇಷ್ ಅಂದರು.

ಅಲ್ಲಿಂದ ಮುಂದೆ ತಿಂಗಳುಗಟ್ಟಲೆ, ದಿನಾ ಬೆಳಕು ಹರಿಯುತ್ತಲೇ ಅಪ್ಪ ನನ್ನ ಹಾಸಿಗೆಯ ಬಾಜು ಬಂದು ಕುಂತು, ಹಣೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದ. ನನಗೆ ಎಚ್ಚರವಾಗಿರುತ್ತಿತ್ತು. ಅವನು ಕೈ ತೆಗೆಯುವವರೆಗೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದೆ.