ಅಕ್ಕನ ಹಿಡಿತ

ಅಕ್ಕ ಸತ್ತ ಮೇಲೂ ತಂಗಿ ಪ್ರಯೋಗಾಲಯದ ಬಾಗಿಲಲ್ಲಿ ಒಮ್ಮೆ ಕೆಮ್ಮಿಯೇ ಒಳಗೆ ಹೋಗುತ್ತಿದ್ದಳು. ತೂಗುತ್ತಿರುವಾಗ ಯಾರಾದರೂ ಸದ್ದಿಲ್ಲದೆ ಬಂದರೆ ಅಕ್ಕ ಸಿಡಿಮಿಡಿಗೊಳ್ಳುತ್ತಿದ್ದಳು. ಈಗ ಗದರುವವರಿಲ್ಲ, ಆದರೂ ತಕ್ಕಡಿಯ ಮುಂದಿನ ಅಕ್ಕನ ಸ್ಟೂಲಿನ ಮೇಲೆ ಕೂರಲು ತಂಗಿಗೆ ಧೈರ್ಯವಾಗದು. ನಿಂತೇ ತೂಗುತ್ತಿದ್ದಳು.

ಅಕ್ಕತಂಗಿಯರ ಕಸುಬೆಂದರೆ ನೀರಿಗೆ ಆಲ್ಕೋಹಾಲ್ ಬೆರೆಸಿ ಸಾಂದ್ರತೆ ಅಳೆಯುವುದು. ಐವತ್ತಕ್ಕೆ ಐವತ್ತು ಸುರಿದರೆ ನೂರಾಗುವುದಿಲ್ಲ, ಮೂರ್ನಾಲ್ಕು ಪಾಲು ಕಡಿಮೆಯೇ. "ಸಂಸಾರದ ಹಾಗೇ ಕಣೇ, ಇಬ್ರೂ ಸ್ವಲ್ಪ ಸ್ವಲ್ಪ ಕುಗ್ಗಬೇಕು" ಎಂದು ಮದುವೆಯಾಗದ ತಂಗಿಗೆ ಅಕ್ಕ ಪಾಠ ಹೇಳುತ್ತಿದ್ದಳು.

ಆ ಅಳತೆಗಳನ್ನೆಲ್ಲ ಸೂತ್ರಕ್ಕೆ ಕೂರಿಸಲು ಈಗ ಅಕ್ಕನ ಮಗಳೇ ಬಂದಿದ್ದಳು. ನೀರು ಹೆಚ್ಚಿದ್ದ ಕಡೆ ಎಲ್ಲ ಸರಿ. ಆಲ್ಕೋಹಾಲ್ ಏರಿದಂತೆ ಅಮ್ಮನ ಬಿಂದುಗಳು ನಕ್ಷೆಯಲ್ಲಿ ಸೂತ್ರದ ಗೆರೆಯಿಂದ ಕೆಳಕ್ಕೆ ಜಾರುತ್ತಿದ್ದವು. "ಚಿಕ್ಕಮ್ಮಾ, ಇವನ್ನ ಕೈಬಿಡ್ಲೇಬೇಕು" ಎಂದಳು.

ತಂಗಿಗೆ ಕೆಂಡ ತುಳಿದಂತಾಯಿತು. ಅಕ್ಕ ಜೀವ ತೇದು ಮಾಡಿದ್ದನ್ನು ಹೆತ್ತ ಮಗಳೇ ಕಸಕ್ಕೆ ಹಾಕುವುದೇ? "ನಿನ್ನ ಗೆರೇನೇ ತಪ್ಪಿರಬೇಕು. ತಾಳು, ನಾನೇ ಅಳೀತೀನಿ."

ಮುಚ್ಚಳದಲ್ಲಿ ಸಣ್ಣ ತೂತಿರುವ ಅಳತೆಯ ಸೀಸೆಗೆ ಆಲ್ಕೋಹಾಲ್ ಹೆಚ್ಚಿರುವ ಮಿಶ್ರಣ ತುಂಬಿ, ಬಿಸಿ ಒಂದೇ ಸಮ ಇರುವ ನೀರಿನ ತೊಟ್ಟಿಯಲ್ಲಿಟ್ಟು, ತೆಗೆದು, ಒರೆಸಿ, ತೂಗಿದಳು. ಬಂದದ್ದು ಅಕ್ಕನದೇ ಅಂಕಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮತ್ತೊಮ್ಮೆಯೂ ಅದೇ. ಗೆದ್ದೆ ಎನ್ನಬೇಕು, ಆದರೆ ಸ್ಟೂಲಿನ ಮೇಲೆ ಯಾರೋ ಕೂತು ನೋಡುತ್ತಿರುವಂತೆ ಅನಿಸಿತು. ಅತ್ತ ಅಕ್ಕನ ಮಗಳು ಚಿಕ್ಕಮ್ಮನ ಕೈಯನ್ನೇ ನೋಡುತ್ತಿದ್ದಳು.

"ಚಿಕ್ಕಮ್ಮಾ, ಒರೆಸೋವಾಗ ನೀವು ಥೇಟ್ ಅಮ್ಮನ ಥರಾನೇ ಹಿಡೀತೀರಿ. ಮುಷ್ಟಿ ತುಂಬಾ."

ಅಕ್ಕ ಕಲಿಸಿದ್ದೇ ಹಾಗೆ, ಜಾರಿ ಬಿದ್ದೀತು, ಭದ್ರವಾಗಿ ಹಿಡಿ ಎಂದು. ಅಂಗೈಯ ಬಿಸಿಗೆ ಆಲ್ಕೋಹಾಲ್ ಹಿಗ್ಗಿ ಮುಚ್ಚಳದ ಸಣ್ಣ ತೂತಿನಿಂದ ಹೊರಬರುತ್ತದೆ, ಬಟ್ಟೆ ಅದನ್ನು ಒರೆಸಿಬಿಡುತ್ತದೆ, ತೂಕ ಇಳಿಯುತ್ತದೆ. ನೀರು ಅಷ್ಟು ಹಿಗ್ಗುವುದಿಲ್ಲ. ತಂಗಿ ಇಕ್ಕಳದಲ್ಲಿ ಸೀಸೆಯ ಕತ್ತು ಹಿಡಿದು ಮತ್ತೆ ತೂಗಿದಳು. ಬಿಂದು ಹೋಗಿ ಗೆರೆಯ ಮೇಲೆ ಕೂತಿತು. ಇಷ್ಟು ವರ್ಷದ ಅಕ್ಕ ಒಂದೇ ಏಟಿಗೆ ಹೊರಗೆ! ತಂಗಿ ಬಿಕ್ಕಿ ಬಿಕ್ಕಿ ಅತ್ತಳು.

ಮಗಳು ಕೆಳಕ್ಕೆ ಜಾರಿದ್ದ ಅಮ್ಮನ ಬಿಂದುಗಳನ್ನು ಒಂದೊಂದಾಗಿ ಅಳಿಸಿದಳು. ಆಮೇಲೆ ತೊಟ್ಟಿಯಿಂದ ತುಂಬಿದ ಸೀಸೆಯೊಂದನ್ನು ತೆಗೆದು ಚಿಕ್ಕಮ್ಮನ ಅಂಗೈಯಲ್ಲಿಟ್ಟಳು.

"ಇನ್ನೊಂದ್ಸಲ ಅಮ್ಮನ ಥರ ಹಿಡೀರಿ. ಲೆಕ್ಕಕ್ಕಲ್ಲ."

ತಂಗಿ ಹಿಡಿದಳು. ಮುಚ್ಚಳದ ತೂತಿನಲ್ಲಿ ಹನಿಯೊಂದು ಮೆಲ್ಲಗೆ ಮೇಲೆದ್ದಿತು. ಒರೆಸಲು ಇಬ್ಬರಿಗೂ ಮನಸ್ಸು ಬರಲಿಲ್ಲ.