ಚಿಕ್ಕಮ್ಮನ ದನಿ ಕಳೆದುಹೋದ ಮದುವೆ

ನಂಜನಗೂಡಿನಲ್ಲಿ ನಮ್ಮ ಯಜಮಾನರ ಮೈಕ್‌ಸೆಟ್ ಅಂಗಡಿ, ಟಿ. ನರಸೀಪುರದಲ್ಲಿ ನನ್ನ ತಮ್ಮನ ಮೈಕ್‌ಸೆಟ್ ಅಂಗಡಿ. ಊರೂರಿಗೆ ಸದ್ದು ಹಂಚುತ್ತಿದ್ದ ಇಬ್ಬರೂ ಒಬ್ಬರಿಗೊಬ್ಬರು ಮಾತ್ರ ಮಾತಾಡುತ್ತಿರಲಿಲ್ಲ. ಎಂಬತ್ತರ ದಶಕದ ಮಾತಿದು.

ಮೊದಲು ಇಬ್ಬರದೂ ಒಂದೇ ಅಂಗಡಿ. ಯಜಮಾನರು ಆಂಪ್ಲಿಫೈಯರುಗಳನ್ನು ಕಬ್ಬಿಣದ ರ‍್ಯಾಕಿನಲ್ಲಿ ಒಂದರ ಮೇಲೊಂದು ಜೋಡಿಸಿ, ದೇವರ ಮಂಟಪ ಒರೆಸಿದ ಹಾಗೆ ದಿನಾ ಒರೆಸುತ್ತಿದ್ದರು. ನನ್ನ ತಮ್ಮ ಮೈಸೂರಿನಲ್ಲಿ ಕೆಲಸ ಕಲಿತು ಬಂದವನು. ಕ್ರಾಸ್‌ಓವರ್ ಎನ್ನುವ ಪೆಟ್ಟಿಗೆಯನ್ನು ತನ್ನ ಕೈಯಾರೆ ಕಟ್ಟಿದ. ಮೈಕಿನಿಂದ ಬಂದ ಸದ್ದನ್ನು ಅದು ಎರಡು ಪಾಲು ಮಾಡುತ್ತಿತ್ತು. ದಪ್ಪ ಸದ್ದು ಒಂದು ಆಂಪ್ಲಿಫೈಯರಿನಿಂದ ದೊಡ್ಡ ಬಾಕ್ಸಿಗೆ, ಸಣ್ಣ ಸದ್ದು ಇನ್ನೊಂದರಿಂದ ಹಾರ್ನಿಗೆ. ಎರಡೂ ಸೇರುವ ನಡುವಿನ ಜಾಗದಲ್ಲೇ ಮನುಷ್ಯರ ದನಿ ಇರೋದು, ಅಲ್ಲಿ ಹೊಂದಿಕೆ ತಪ್ಪಿದರೆ ಎಲ್ಲ ಕೆಟ್ಟಿತು ಎಂದು ತಮ್ಮ ಹೇಳುತ್ತಿದ್ದ.

ಅದು ಮೊದಲ ದಿನವೇ ಕೆಟ್ಟಿತು. ಯಾವುದೋ ಸಂಘದ ವಾರ್ಷಿಕೋತ್ಸವ. ಅಧ್ಯಕ್ಷರು ಭಾಷಣಕ್ಕೆ ನಿಂತರು. ಅವರು ಮೇಜು ಗುದ್ದಿದ್ದು ಕೇಳಿತು, ಕಾಗದ ಮಗುಚಿದ್ದು ಕೇಳಿತು, ಭಾಷಣ ಮಾತ್ರ ಎದುರಿಗೆ ಕೂತವರಿಗೆ ಕೇಳಲೇ ಇಲ್ಲ. ಅಂಥ ಸೊಗಸಾದ ವಾರ್ಷಿಕೋತ್ಸವ ಮತ್ತೊಂದು ಆಗಲಿಲ್ಲ ಎಂದು ಜನ ಆಡಿಕೊಂಡರು. ಅಧ್ಯಕ್ಷರು ನಗಲಿಲ್ಲ. ಯಜಮಾನರು, "ನಿನ್ ಡಬ್ಬ ದನೀನೇ ನುಂಗ್ಬುಡ್ತು ಕಣ್ಲಾ" ಎಂದರು. ತಮ್ಮ, "ನಿಮ್ ರ‍್ಯಾಕಿಗೇ ಯೋಗ್ತೆ ಇಲ್ಲ ಭಾವ" ಎಂದ. ಅಂಗಡಿ ಪಾಲಾಯಿತು. ರ‍್ಯಾಕೂ ಹಾರ್ನೂ ಇಲ್ಲಿ ಉಳಿದವು, ಕ್ರಾಸ್‌ಓವರೂ ಬಾಕ್ಸುಗಳೂ ನರಸೀಪುರಕ್ಕೆ ಹೋದವು. ಅಂದಿನಿಂದ ನಂಜನಗೂಡಿನ ಮದುವೆಗಳೆಲ್ಲ ಕಿರುಚತೊಡಗಿದವು, ನರಸೀಪುರದ ಮದುವೆಗಳೆಲ್ಲ ಗುಡುಗತೊಡಗಿದವು.

ಇಬ್ಬರೂ ಹಾಳಾಗಿ ಹೋಗಲಿ ಎಂದು ಸುಮ್ಮನಿರುತ್ತಿದ್ದೆ. ಆದರೆ ಅಪ್ಪ ಅಮ್ಮ ಇಲ್ಲದ ನನಗೆ ತವರು ಅಂದರೆ ಆ ತಮ್ಮನೊಬ್ಬನೇ. ಗೌರಿ ಹಬ್ಬಕ್ಕೆ ಮೊರದ ಬಾಗಿನ ಹಿಡಿದು ಬರಬೇಕಾದವನು, ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ. ಮರುವರ್ಷವೂ ಅದೇ. ಕಂಡಕ್ಟರ್ ಅದನ್ನು ಇಳಿಸಿ, "ತಗೊಳ್ಳಕ್ಕ, ನಿಮ್ ತವರು" ಎಂದು ಹಲ್ಲು ಕಿರಿದ. ಇನ್ನೊಂದು ಹಬ್ಬ ಹೀಗೇ ಹೋದರೆ ತವರಿನ ದಾರಿ ಮುಚ್ಚಿಯೇ ಹೋಗುತ್ತದೆ ಎಂದು ನನಗೆ ಹೆದರಿಕೆಯಾಯಿತು. ಆದರೂ ಬೇಜಾರನ್ನು ಯಾರಿಗೂ ತೋರಿಸಲಿಲ್ಲ. ನಾನು ಅಂಥವಳಲ್ಲ.

ಆ ಶ್ರಾವಣದಲ್ಲಿ ನರಸೀಪುರದ ಚಿಕ್ಕಮ್ಮನ ಮಗಳ ಮದುವೆ ಬಂತು. ಚಿಕ್ಕಮ್ಮನೂ ನಾನೂ ಕೂತು ಪಿತೂರಿ ಮಾಡಿದೆವು. ಯಜಮಾನರಿಗೆ, "ರ‍್ಯಾಕು, ಹಾರ್ನು ಅಷ್ಟೇ ತರ್ಬೇಕಂತೆ. ಮಿಕ್ಕಿದ್ದು ಯಾರೋ ಮೈಸೂರಿನೋರು ತರ್ತಾರಂತೆ" ಎಂದೆ. ಬಸ್ಸು ಹತ್ತಿ ಹೋಗಿ ತಮ್ಮನಿಗೂ ಅದನ್ನೇ ತಿರುಗಿಸಿ ಹೇಳಿದೆ. ಸುಳ್ಳು ಹೇಳುವಾಗ ನನ್ನ ಮುಖ ಬಹಳ ಮುಗ್ಧವಾಗಿರುತ್ತದೆ.

ಅರಿಸಿನದ ಶಾಸ್ತ್ರದ ಬೆಳಿಗ್ಗೆ ಚಪ್ಪರದಡಿ ಇಬ್ಬರೂ ಎದುರುಬದುರಾದರು. ಒಬ್ಬರ ಹೆಗಲ ಮೇಲೆ ಹಾರ್ನು, ಇನ್ನೊಬ್ಬನ ತಲೆಯ ಮೇಲೆ ಬಾಕ್ಸು. ಇಬ್ಬರೂ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ನಾನು ವೀಳ್ಯದೆಲೆ ಒರೆಸುತ್ತಾ ಕೂತೆ. ಚಿಕ್ಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. "ಯಾಕ್ಲಾ ನಿಂತ್ಕಂಡ್ರಿ? ನಾ ಸೋಬಾನೆ ಏಳ್ಬೇಕು. ಇಬ್ರೂ ಸೇರಿ ಆಕುದ್ರೆ ಊಟ, ಇಲ್ದಿದ್ರೆ ಇಲ್ಲ."

ಸರಿ, ಶುರುಮಾಡಿದರು. ಒಂದು ಮಾರು ದೂರದಲ್ಲಿ ನಿಂತುಕೊಂಡು, "ಬಾಕ್ಸಿನ್ ಕಡೆ ಸೌಂಡ್ ಇಳಿಸ್ಲಾ ಅಂತ ನಿನ್ ತಮ್ಮನ್ನ ಕೇಳು" ಎನ್ನುತ್ತಿದ್ದರು ಇವರು. "ಒಸಿ ಇಳಿಸ್ಲಿ ಅಂತ ಭಾವಂಗೆ ಏಳಕ್ಕ" ಎನ್ನುತ್ತಿದ್ದ ಅವನು. ನಾನೂ ಗಂಭೀರವಾಗಿ ಎರಡನ್ನೂ ಮತ್ತೆ ಹೇಳುತ್ತಿದ್ದೆ. ಯಜಮಾನರು ರ‍್ಯಾಕಿನ ಹಿಂದೆ ಬಾಕ್ಸಿನ ತಂತಿಯ ಒಂದು ತುದಿ ಸಿಕ್ಕಿಸಿದರು, ತಮ್ಮ ಹೊರಗೆ ಇನ್ನೊಂದು ತುದಿಯನ್ನು ಬಾಕ್ಸಿಗೆ ಸಿಕ್ಕಿಸಿದ.

ಚಿಕ್ಕಮ್ಮ ಮೈಕಿನ ಮುಂದೆ ಕೂತು ಹಾಡು ಎತ್ತಿದಳು. ಊರಿಗೇ ದೊಡ್ಡ ಗಂಟಲು ಅವಳದು. ಬಳೆ ಕೇಳಿತು, ತಮಟೆ ಕೇಳಿತು, ಚಿಕ್ಕಮ್ಮ ಕೇಳಲಿಲ್ಲ. ಬೀಗರ ಕಡೆಯ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು. "ನನ್ ಗಂಟ್ಲು ಎಲ್ಲೋಯ್ತ್ರಲಾ?" ಎಂದು ಚಿಕ್ಕಮ್ಮ ಎದ್ದು ನಿಂತಳು.

ಇಬ್ಬರ ಮುಖವೂ ಬಿಳಿಚಿಕೊಂಡಿತು. ಇನ್ನೇನು ಹಳೆಯ ಜಗಳ ಎದ್ದಿತು ಎಂದು ವೀಳ್ಯದೆಲೆ ತಟ್ಟೆ ಪಕ್ಕಕ್ಕಿಟ್ಟೆ. ಎದ್ದು ಹೋಗಿ ತಂತಿ ನೋಡಿದೆ. ಆಗೆಲ್ಲ ಜೋಡಿ ತಂತಿಯ ಎರಡೂ ಎಳೆ ಒಂದೇ ಬಣ್ಣ. ಪ್ಲಸ್ ಯಾವುದು, ಮೈನಸ್ ಯಾವುದು ಗೊತ್ತಾಗಲೆಂದು ಒಂದು ಎಳೆಯ ಎರಡೂ ತುದಿಗೆ ದಾರ ಕಟ್ಟುವುದು ನಮ್ಮ ರೂಢಿ. ಯಜಮಾನರ ಲೆಕ್ಕದಲ್ಲಿ ದಾರ ಕಟ್ಟಿದ್ದು ಪ್ಲಸ್. ಮೈಸೂರಿನಲ್ಲಿ ಕಲಿತ ತಮ್ಮನ ಲೆಕ್ಕದಲ್ಲಿ ಅದು ಮೈನಸ್. ಒಂದು ತುದಿಗೆ ಒಬ್ಬರ ಲೆಕ್ಕ, ಇನ್ನೊಂದಕ್ಕೆ ಇನ್ನೊಬ್ಬರದಾಗಿ ಬಾಕ್ಸಿಗೆ ಪ್ಲಸ್ ಮೈನಸ್ ತಿರುಗುಮುರುಗಾದರೆ ಅದೂ ಹಾರ್ನೂ ಒಂದಕ್ಕೊಂದು ಎದುರು ಎಳೆದಾಡಿ, ನಡುವಿನ ದನಿಯನ್ನೇ ತಿಂದುಹಾಕುತ್ತವೆ.

"ರೀ, ಇಲ್ಲಿ ಯಾರ ಲೆಕ್ಕದಲ್ಲಿ ಹಾಕಿದ್ರಿ?" ಎಂದೆ.

ಯಜಮಾನರು ನೆಲ ನೋಡಿದರು. "ನಿನ್ ತಮ್ಮನ ಲೆಕ್ಕದಲ್ಲಿ. ಬಾಕ್ಸು ಅವನ್ದಲ್ವಾ, ಅವನಂಗೇ ಇರ್ಲಿ ಅಂತ."

ಹೊರಗೆ ಹೋಗಿ ತಮ್ಮನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. "ಭಾವನ ಲೆಕ್ಕ ಕಣಕ್ಕ. ದೊಡ್ಡೋರು, ಸುಮ್ಕೆ ಜಗಳ ಯಾಕೆ ಅಂತ."

ವಾರ್ಷಿಕೋತ್ಸವದ ದಿನ ಇಬ್ಬರೂ ತಂತಮ್ಮ ಲೆಕ್ಕ ಬಿಡದೆ ಕೆಡಿಸಿದ್ದರು. ಆ ತಪ್ಪು ಆಮೇಲೆ ಇಬ್ಬರಿಗೂ ಹೊಳೆದಿತ್ತು, ಒಪ್ಪಿಕೊಂಡಿರಲಿಲ್ಲ ಅಷ್ಟೇ. ಇವತ್ತು ಇಬ್ಬರೂ ಬಿಟ್ಟುಕೊಟ್ಟು ಕೆಡಿಸಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಚಪ್ಪರದ ಕಂಬ ಹಿಡಿದುಕೊಂಡು ನಕ್ಕೆ. ತಮ್ಮ ಹೋಗಿ ಬಾಕ್ಸಿನ ಹಿಂದೆ ತಂತಿ ಅದಲುಬದಲು ಮಾಡಿದ.

"ನೀವು ಮೈಕಲ್ಲಿ ಏನಾದ್ರೂ ಮಾತಾಡಿ, ನೋಡಣ" ಎಂದೆ ಯಜಮಾನರಿಗೆ. ಅವರು ಮೈಕ್ ಹಿಡಿದು, "ಅಲೋ, ಅಲೋ" ಎಂದರು. "ಅಷ್ಟು ಸಾಲದು, ಉದ್ದಕ್ಕೆ ಮಾತಾಡಿ" ಎಂದೆ. ಅವರು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದರು. ಆಮೇಲೆ ಹೊರಗೆ ಬಾಕ್ಸಿನ ಹತ್ತಿರ ನಿಂತವನನ್ನೇ ನೋಡುತ್ತಾ ಅಂದರು: "ಲೋ, ಈ ಸಲ ಗೌರಿ ಅಬ್ಬಕ್ಕೆ ನೀನೇ ಬಾರಪ್ಪ. ನಿಮ್ಮಕ್ಕ ಅಡುಗೆಮನೇಲಿ ಒಬ್ಳೇ ಕುಂತು ಅಳ್ತಾಳೆ ಕಣೋ. ನಂಗೊತ್ತಿಲ್ಲ ಅನ್ಕಂಡವ್ಳೆ."

ಒಂದೊಂದು ಅಕ್ಷರವೂ ಗಂಟೆ ಬಾರಿಸಿದ ಹಾಗೆ ಬೀದಿಯ ಕೊನೆಯವರೆಗೂ ಕೇಳಿತು. ಚಪ್ಪರದಲ್ಲಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು.

"ಕೇಳ್ತು ಭಾವ, ಬತ್ತೀನಿ!" ಎಂದು ಹೊರಗಿನಿಂದ ತಮ್ಮ ಕೂಗಿದ.

ಊರಿಗೆಲ್ಲ ಸಾರಿಬಿಟ್ಟರಲ್ಲ ಎಂದು ಸಿಟ್ಟು ಬಂತು. ಹೋಗಿ ಅವರ ಕೈಯಿಂದ ಮೈಕ್ ಕಸಿದುಕೊಂಡೆ. ಅದೆಲ್ಲ ಸುಳ್ಳು, ನಾನು ಯಾವತ್ತೂ ಅತ್ತಿಲ್ಲ ಎಂದು ಜೋರಾಗಿ ಹೇಳಬೇಕೆಂದಿದ್ದೆ. ಬಾಯಿ ತೆರೆದೆ, ದನಿಯೇ ಹೊರಡಲಿಲ್ಲ. ಅದಕ್ಕೆ ತಂತಿ ಕಾರಣವಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು.