ಫೋಟೊದಲ್ಲಿದ್ದ ಕೋಳಿ

ನುಸಿಗುಳಿಗೆಯ ವಾಸನೆ ಬಂದರೆ ಬೇರೆಯವರಿಗೆ ರೇಷ್ಮೆ ಸೀರೆ ನೆನಪಾಗುತ್ತದೆ. ನನಗೆ ಹಾರ್ಡ್ ಡಿಸ್ಕ್ ನೆನಪಾಗುತ್ತದೆ. ನಗಬೇಡಿ. ಮೊನ್ನೆ ಹಾಸನದ ನಮ್ಮ ಮನೆಯಲ್ಲಿ ಮದುವೆಗೆ ಹೊರಡಲು ಬೀರು ತೆಗೆದೆ. ಆ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೀರುವಿನ ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಹೊಳೆನರಸೀಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರಮ್ಮ ತಮ್ಮ ಹಾರ್ಡ್ ಡಿಸ್ಕನ್ನು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಬೀರುವಿನಲ್ಲಿಡುತ್ತಿದ್ದರು. "ಇದಕ್ಕೆಲ್ಲಿಯ ನುಸಿ ಆಂಟಿ?" ಅಂದರೆ, "ಇದು ಸೀರೆ ಅಲ್ಲ ಅಂತ ನುಸಿಗೇನು ಗೊತ್ತು? ಸುಮ್ಮನಿರೇ" ಅನ್ನುತ್ತಿದ್ದರು.

ನಾನಾಗ ಅಲ್ಲಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಮಹಡಿಯ ಮೇಲೆ ನಾನು, ಕೆಳಗೆ ಅವರು. ಅರಕಲಗೂಡು ತಾಲ್ಲೂಕಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಬಾಯಿ ಮಾತ್ರ ಭರ್ಜರಿಯಾಗಿತ್ತು. ಗೇಟು ಸರಿಯಾಗಿ ಹಾಕದಿದ್ದರೆ ಬೈಗುಳ, ನಲ್ಲಿ ತೊಟ್ಟಿಕ್ಕಿದರೆ ಬೈಗುಳ. 'ಮಾಡಿದೆ' ಅನ್ನುವ ಕಡೆ ಟೀವಿಯವರ ಹಾಗೆ 'ಮಾಡಿರುವಂಥದ್ದು' ಅಂದರಂತೂ ಮುಗಿದೇ ಹೋಯಿತು. ನನಗೂ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ಚೆನ್ನಾಗಿ ಹೊಂದಿಕೊಂಡೆವು.

ನಿವೃತ್ತಿಯಾದ ಮೇಲೆ ಅವರಿಗೊಂದು ಹುಚ್ಚು ಹತ್ತಿತ್ತು. ಬಸ್ಸು ಹತ್ತಿ ಅರಕಲಗೂಡಿನ ಕಡೆ, ಹಳ್ಳಿಮೈಸೂರಿನ ಕಡೆ ಹೋಗಿ ಹೆಂಗಸರ ಹತ್ತಿರ ಸೋಬಾನೆ ಪದ ಹಾಡಿಸಿ, ಫೋನಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಪದ ಮುಗಿದ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತ ಹೆಂಗಸರ ಬಾಯಿಂದ ಬೇರೆ ಮಾತು ಬರುತ್ತಿತ್ತು. ಅತ್ತೆಯ ಕಾಟ, ಗಂಡನ ಏಟು, ಯಾರಿಗೂ ಹೇಳದೆ ನುಂಗಿಕೊಂಡಿದ್ದು... ಫೋನು ಅದನ್ನೂ ತುಂಬಿಕೊಳ್ಳುತ್ತಿತ್ತು. ಒಮ್ಮೆ ಇವರ ನೆಂಟರವನೊಬ್ಬ ತಮಾಷೆಗೆ ಅದರಲ್ಲೊಂದನ್ನು ಹತ್ತು ಜನರ ಮುಂದೆ ಹಾಕಿ ಕೇಳಿಸಿಬಿಟ್ಟ. ಮಾತು ಊರು ಸೇರಿತು, ಆ ಹೆಂಗಸಿಗೆ ಮನೆಯಲ್ಲಿ ಒದೆ ಬಿತ್ತು. ಸುದ್ದಿ ಕೇಳಿದ ದಿನ ಓನರಮ್ಮ ಊಟ ಮಾಡಲಿಲ್ಲ. ಮಂಡಿನೋವಿನ ಹೆಂಗಸು ಮಹಡಿ ಹತ್ತಿ ಬಂದು, "ಇದಕ್ಕೊಂದು ಬೀಗ ಹಾಕಿಕೊಡಮ್ಮ. ನನ್ನ ಬಿಟ್ಟು ಇನ್ನೊಬ್ಬರ ಕಿವಿಗೆ ಬೀಳಬಾರದು" ಅಂದರು.

ಹಾಕಿಕೊಟ್ಟೆ. ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಇರುವ ಧ್ವನಿಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಕಲಸಿಬಿಡುತ್ತದೆ, ಕೀಲಿ ಕೊಟ್ಟರೆ ಮಾತ್ರ ಮತ್ತೆ ಮಾತಾಗುತ್ತದೆ. ಪಾಸ್‌ವರ್ಡಿನ ಜೊತೆಗೆ ಯಾವುದಾದರೂ ಒಂದು ಫೈಲನ್ನು ಎರಡನೆಯ ಕೀಲಿಯಾಗಿ ಇಡಬಹುದು. ಎರಡೂ ಇದ್ದರೇ ತೆರೆಯುವುದು. ಯಾವ ಫೈಲು ಇಡಲಿ ಅಂತ ಕೇಳಿದೆ. ಅವರು ಯೋಚಿಸಲೇ ಇಲ್ಲ, ಅಡುಗೆಯಮ್ಮನ ಫೋಟೊ ತೋರಿಸಿದರು.

ಅಡುಗೆಯಮ್ಮ ಅವರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ಓನರಮ್ಮನಿಗಿದ್ದ ಒಬ್ಬಳೇ ಸ್ನೇಹಿತೆ. ಹುಲ್ಲುಮೆದೆಯ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾಳೆ, ಕಾಲ ಹತ್ತಿರ ಒಂದು ಕೋಳಿ ನೆಲ ಕೆದಕುತ್ತಿದೆ. ಅಂಥ ಫೋಟೊ. "ಈ ಫೈಲನ್ನ ಮುಟ್ಟಬೇಡಿ ಆಂಟಿ. ಒಂದು ಚುಕ್ಕಿ ಬದಲಾದರೂ ಇದು ಅದೇ ಫೋಟೊ ಅಂತ ಕಂಪ್ಯೂಟರ್ ಒಪ್ಪಲ್ಲ" ಅಂದೆ. "ಅವಳ ಮುಖಾನ ನಾನ್ಯಾಕೆ ಬದಲಾಯಿಸಲಿ?" ಅಂದರು.

ಪೆಟ್ಟಿಗೆಯಲ್ಲಿ ಅಡುಗೆಯಮ್ಮನದೂ ಒಂದು ಮಾತಿತ್ತು, ಮಗಳಿಗೆ ಅಂತಲೇ ಹೇಳಿದ್ದು. ಆ ಮಗಳನ್ನು ಚಿಕ್ಕಂದಿನಲ್ಲೇ ಚನ್ನರಾಯಪಟ್ಟಣದ ತನ್ನ ಅಕ್ಕನ ಮನೆಗೆ ಸಾಗಹಾಕಿದ್ದಳು. 'ಈ ಹುಡುಗಿ ಕಾಲ್ಗುಣ ಸರಿಯಿಲ್ಲ, ನಮ್ಮ ಮನೆಗೆ ಆಗಿಬರಲ್ಲ' ಅಂತ ಊರಿಗೆಲ್ಲ ಸಾರಿದವಳೂ ಅವಳೇ, ಹೆತ್ತವಳೇ. ಮಗಳು ಅಲ್ಲೇ ಬೆಳೆದು ಅಲ್ಲೇ ಮದುವೆಯಾಗಿ, ತಾಯಿಯ ಮನೆಗೆ ಯಾರೋ ನೆಂಟರ ಹಾಗೆ ಬಂದು ಹೋಗುತ್ತಿದ್ದಳು. ಯಾಕೆ ಹಾಗೆ ಮಾಡಿದೆ ಅನ್ನುವುದನ್ನು ಅಡುಗೆಯಮ್ಮ ಒಂದೇ ಸಲ, ಓನರಮ್ಮನ ಫೋನಿಗೆ ಹೇಳಿದ್ದಳು. ಷರತ್ತು ಇಷ್ಟೇ: "ನಾನ್ ಸತ್ಮ್ಯಾಲೆ ನನ್ ಮಗ್ಳಿಗೆ ಕೇಳ್ಸಿ ಟೀಚರಮ್ಮ. ನೀವ್ ಏಳ್ಬ್ಯಾಡಿ. ನನ್ ಬಾಯಿಂದ್ಲೇ ಕೇಳ್ಲಿ."

ಅಡುಗೆಯಮ್ಮ ಹೋಗಿಬಿಟ್ಟಳು. ಜ್ವರ ಅಂತ ಹಾಸನಕ್ಕೆ ಆಸ್ಪತ್ರೆಗೆ ಬಂದವಳು ಊರಿಗೆ ತಿರುಗಿ ಹೋಗಲಿಲ್ಲ. ತಿಥಿಯ ದಿನವೇ ಓನರಮ್ಮ ಮಗಳಿಗೆ, ನಿನಗೆ ಅಂತ ನಿಮ್ಮಮ್ಮ ಒಂದು ಮಾತು ಇಟ್ಟಿದ್ದಾಳೆ ಅಂದಿದ್ದರು. ಆದರೆ ಬಹಳ ದಿನ ಆ ಗಂಟು ಬಿಚ್ಚಲೇ ಇಲ್ಲ. ಅವಳ ಧ್ವನಿ ಕೇಳಿದರೆ ಎದೆ ಒಡೆದುಹೋಗುತ್ತೆ ಕಣೇ ಅನ್ನುತ್ತಿದ್ದರು. ಕೊನೆಗೆ ಮಗಳೇ ಫೋನು ಮಾಡಿ, ಭಾನುವಾರ ಬರುತ್ತೇನೆ ಅಂದಳು.

ಅಷ್ಟರಲ್ಲಿ ಸಾಫ್ಟ್‌ವೇರಿನ ಹೊಸ ವರ್ಷನ್ ಬಂದಿತ್ತು. ಹಳೆಯ ನಮೂನೆಯ ಪೆಟ್ಟಿಗೆಯನ್ನು ಅದು ತೆರೆಯುವುದೇ ಇಲ್ಲವಂತೆ. ಓನರಮ್ಮನ ಹಳೆಯ ಕಂಪ್ಯೂಟರ್ ಕೈಕೊಟ್ಟು, ಪೆಟ್ಟಿಗೆ ನಾಳೆ ಎಲ್ಲೂ ತೆರೆಯದೆ ಹೋದರೆ? ಅಪ್‌ಗ್ರೇಡ್ ಮಾಡಿಬಿಡೋಣ ಅಂದೆ. ಅದನ್ನು ಜೋಪಾನವಾಗಿ ಮಾಡುವುದು ಹೇಗೆ ಅಂತ ವಿದ್ಯಾರ್ಥಿಗಳಿಗೆ ಗಂಟಲು ಹರಿಯುವಂತೆ ಹೇಳುತ್ತಿದ್ದವಳು ನಾನು. ಹಳೆಯ ವರ್ಷನ್ ಅಳಿಸಬಾರದು, ಪೆಟ್ಟಿಗೆಯ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು. ಹಳೆಯದರಲ್ಲಿ ತೆರೆದು, ಹೊಸ ಪೆಟ್ಟಿಗೆಗೆ ತುಂಬಿ, ಅದು ತೆರೆದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹಳೆಯದಕ್ಕೆ ಕೈ ಹಾಕಬೇಕು. ನಾವು ಚಾಚೂ ತಪ್ಪದೆ ಹಾಗೇ ಹೊರಟೆವು. ಹೊಸ ವರ್ಷನ್ನನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅವರ ಹಳೆಯ ಕಂಪ್ಯೂಟರನ್ನು ಇದ್ದ ಹಾಗೇ ಬಿಟ್ಟೆ.

ಓನರಮ್ಮ ಪಾಸ್‌ವರ್ಡ್ ಹೊಡೆದರು, ಫೋಟೊ ಆರಿಸಿದರು. ತೆರೆಯಲಿಲ್ಲ. ಬೆರಳು ತಪ್ಪಿರಬೇಕು ಅಂತ ಇನ್ನೊಮ್ಮೆ ಹೊಡೆದರು. ಊಹೂಂ. ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಒಮ್ಮೆ ಸಿಕ್ಕಿಸಿದ್ದಕ್ಕೇ ಏನೋ ಆಗಿದೆ ಅಂದುಕೊಂಡು, ಹೊಸ ವರ್ಷನ್ ಮಾಡಿದವರ ವಂಶವನ್ನೆಲ್ಲ ಬೈದೆ. ಎತ್ತಿಟ್ಟಿದ್ದ ಪ್ರತಿಯನ್ನು ತಂದೆ, ಅದೂ ತೆರೆಯಲಿಲ್ಲ. ಒಲೆಯ ಮೇಲಿದ್ದ ಸಾರು ಸೀದ ವಾಸನೆ ಬಂತು, ಇಬ್ಬರೂ ಏಳಲಿಲ್ಲ. ಆಮೇಲೆ, ಬೇರೇನೂ ತೋಚದೆ, ಆ ಫೋಟೊವನ್ನೇ ತೆರೆದು ನೋಡಿದೆ. ಅಡುಗೆಯಮ್ಮನ ಹಿಂದೆ ನೀಲಿ ಆಕಾಶವಿತ್ತು. ಮುಖದಲ್ಲಿ ಒಂದು ಸುಕ್ಕಿಲ್ಲ. ಹುಲ್ಲುಮೆದೆ ಇಲ್ಲ.

"ಆಂಟಿ, ಕೋಳಿ ಎಲ್ಲಿ?"

"ಯಾವ ಕೋಳಿ?" ಅಂದವರು, "ಓ, ಅದಾ" ಅಂತ ನಕ್ಕರು. ಇನ್ನೂ ಗೊತ್ತಾಗಿರಲಿಲ್ಲ ಅವರಿಗೆ. "ತಿಥಿಗೆ ಮಗಳು ಫೋಟೊ ಕೇಳಿದಳಲ್ಲ, ಸ್ಟುಡಿಯೋಗೆ ಕೊಟ್ಟಿದ್ದೆ. ಸತ್ತವರ ಫೋಟೊದಲ್ಲಿ ಕೋಳಿ ಯಾಕೆ ಅಂತ ಅವನೇ ತೆಗೆದ. ಎಷ್ಟು ಲಕ್ಷಣವಾಗಿ ಬಂದಿದೆ ನೋಡು. ಹಳೇದರ ಜಾಗಕ್ಕೆ ಇದನ್ನೇ ಹಾಕಿಕೊಂಡೆ."

ನನ್ನ ಮುಖ ನೋಡಿದ ಮೇಲೆ ಅವರ ನಗು ನಿಂತಿತು. "ನಾನು ಮುಟ್ಟಲಿಲ್ಲವಲ್ಲೇ... ಮಾಡಿದ್ದು ಅವನು" ಅಂದರು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ. ಯಾವ ಮನೆಯಲ್ಲಿ ಹಾಗೆ ಮಾಡುವುದಿಲ್ಲ ಹೇಳಿ? ಸತ್ತವರನ್ನು ಗೋಡೆಗೆ ಹಾಕುವ ಮುಂಚೆ ಎಲ್ಲರೂ ಒಂದಿಷ್ಟು ಚೆಂದ ಮಾಡಿಸುತ್ತಾರೆ.

ಪೆಟ್ಟಿಗೆಯ ಪ್ರತಿ ಇಟ್ಟಿದ್ದ ನಾನು ಫೋಟೊದ ಪ್ರತಿ ಇಟ್ಟಿರಲಿಲ್ಲ. ಹಿಂದೊಮ್ಮೆ ವಾಟ್ಸಾಪಿನಲ್ಲಿ ಮಗಳಿಗೆ ಕಳಿಸಿದ್ದ ಫೋಟೊ ಸಿಕ್ಕಿತು. ಅದರಲ್ಲಿ ಕೋಳಿ ಇತ್ತು! ಓನರಮ್ಮ ದೇವರ ಮನೆಗೆ ಹೋಗಿ ಕೈಮುಗಿದು ಬಂದರು. ಆದರೆ ವಾಟ್ಸಾಪು ಕಳಿಸುವಾಗ ಫೋಟೊವನ್ನು ಹಿಂಡಿ ಸಣ್ಣದು ಮಾಡುತ್ತದೆ. ಕಣ್ಣಿಗೆ ಅದೇ ಫೋಟೊ, ಕಂಪ್ಯೂಟರಿಗೆ ಅಲ್ಲ. ಫೋಟೊ ತೆಗೆದಿದ್ದ ಫೋನು ಎಂದೋ ಎಕ್ಸ್‌ಚೇಂಜಿಗೆ ಹೋಗಿತ್ತು. ಸ್ಟುಡಿಯೋದವನು, "ಒರಿಜಿನಲ್ ಎಲ್ಲಾ ಇಟ್ಕಳಲ್ಲ ಮೇಡಂ, ಸಿಸ್ಟಮ್ ಫುಲ್ ಆಯ್ತದೆ" ಅಂದ. ಹಳೆಯ ಕಂಪ್ಯೂಟರನ್ನು ಹಾಸನಕ್ಕೆ ಹೊತ್ತು ತಂದು, ಅಳಿಸಿಹೋದ ಫೈಲು ಹುಡುಕಿಕೊಡುವವರಿಗೆ ತೋರಿಸಿದೆ. ಆಗಲ್ಲ ಅಂತ ಅವರೂ ಕೈ ಆಡಿಸಿಬಿಟ್ಟರು. ಆ ಬೀಗವನ್ನು ಒಡೆಯಲು ಯಾರಿಂದಲೂ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಲೆದೆ.

ಭಾನುವಾರ ಮಗಳು ಬಂದಳು. ಅವ್ವನ ಮಾತನ್ನು ತಾನೊಬ್ಬಳೇ ಕೇಳಬೇಕು ಅಂತ ಹೊಸ ಇಯರ್‌ಫೋನ್ ಕೊಂಡು ತಂದಿದ್ದಳು, ಇನ್ನೂ ಪ್ಯಾಕೆಟ್ಟಿನಲ್ಲೇ ಇತ್ತು. ಓನರಮ್ಮ ನಡೆದದ್ದನ್ನು ಮುಚ್ಚಿಡಲಿಲ್ಲ. ಆಮೇಲೆ, ಬೇರೆ ದಾರಿ ಕಾಣದೆ, ಸ್ನೇಹಿತೆಗೆ ಕೊಟ್ಟ ಮಾತು ಮುರಿದು ತಾವೇ ಹೇಳಿದರು. ಹುಟ್ಟಿದ ದಿನವೇ ಅವಳನ್ನು ಸೋದರಮಾವನಿಗೆ ಅಂತ ಹಿರಿಯರು ಮಾತಾಡಿಬಿಟ್ಟಿದ್ದರು. ಅವನು ಕುಡುಕ, ಕೈ ಮಾಡುವವನು. ಕೊಡುವುದಿಲ್ಲ ಅಂದರೆ ಅಡುಗೆಯಮ್ಮನಿಗೆ ತವರಿನ ಬಾಗಿಲು ಮುಚ್ಚುತ್ತಿತ್ತು. ಕಾಲ್ಗುಣ ಕೆಟ್ಟದ್ದು ಅಂತ ಹೆಸರಾದ ಹುಡುಗಿಯನ್ನು ಅವರಾಗಿಯೇ ಬೇಡ ಅನ್ನುತ್ತಾರೆ ಅಂತ ಆ ಮಾತನ್ನು ಹುಟ್ಟಿಸಿದವಳು ತಾಯಿ. "ನಿನ್ನನ್ನು ಉಳಿಸಿಕೊಳ್ಳುವುದಕ್ಕೆ ನಿನ್ನ ಹೆಸರು ಕೆಡಿಸಿದಳಮ್ಮ, ಜೀವನಪೂರ್ತಿ ಅದಕ್ಕಾಗಿ ಕೊರಗಿದಳು" ಅಂದರು.

ಮಗಳು ಎಲ್ಲ ಕೇಳಿಸಿಕೊಂಡಳು. "ನೀವು ವಳ್ಳೇರು ಟೀಚರಮ್ಮ, ನನ್ ಸಮಾಧಾನಕ್ಕೆ ಏಳ್ತಾ ಇದೀರ" ಅಂದಳು. "ಇವೆಲ್ಲ ನಿಮ್ ಮಾತು. ನಮ್ಮವ್ವಂಗೆ ಇಂಗೆಲ್ಲ ಮಾತಾಡಕ್ ಬತ್ತಿರ್ಲಿಲ್ಲ."

ಆಗ ಓನರಮ್ಮ ಮಾಡಬಾರದ್ದು ಮಾಡಿದರು. ಅಡುಗೆಯಮ್ಮನ ಹಾಗೇ ಹೇಳಲು ಹೋದರು. "ನನ್ ಮಗ್ಳ ಕಾಲ್ಗುಣ ಚಿನ್ನ ಕಣ್ ಟೀಚರಮ್ಮ..." ಜೀವಮಾನವೆಲ್ಲ ಪಾಠದ ಕನ್ನಡ ಆಡಿದ ನಾಲಿಗೆ. ನಾಟಕದಲ್ಲಿ ಹಳ್ಳಿಯವರನ್ನು ಅಣಕಿಸುವವರ ಹಾಗೆ ಕೇಳಿಸಿತು. ಮಗಳು ಎರಡೂ ಕಿವಿ ಮುಚ್ಚಿಕೊಂಡಳು. "ಬ್ಯಾಡಿ, ಅಂಗ್ ಮಾತಾಡ್ಬ್ಯಾಡಿ. ಕೈ ಮುಗೀತೀನಿ" ಅಂದಳು. ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಹೋದಳು.

ಆಮೇಲೆ ಓನರಮ್ಮ ಹಳ್ಳಿಗಳ ಕಡೆ ಹೋಗಲಿಲ್ಲ. ನಾನು ಬೇಕೆಂದೇ ಗೇಟು ತೆರೆದಿಟ್ಟು ಹೋಗುತ್ತಿದ್ದೆ, ಬೈಯಲಿ ಅಂತ... ಬೈಯಲಿಲ್ಲ. ಕೆಲಸ ಬದಲಾಗಿ ನಾನು ಹಾಸನಕ್ಕೆ ಬಂದೆ. ಹೋದ ವರ್ಷ ಅವರೂ ತೀರಿಕೊಂಡರು. ಆ ಪೆಟ್ಟಿಗೆಯಲ್ಲಿ ಇನ್ನೂ ಎಷ್ಟೋ ಹೆಂಗಸರ ಧ್ವನಿಗಳಿದ್ದವು. ಅವನ್ನೆಲ್ಲ ಕೇಳಿದ್ದ ಒಂದು ಜೀವವೂ ಹೊರಟುಹೋಯಿತು.

ಮೊನ್ನೆಯ ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿತ್ತು. ಊಟಕ್ಕೆ ಕೂತಾಗ ಪಕ್ಕದ ಎಲೆಗೆ ಬಂದು ಕೂತವಳು ಅಡುಗೆಯಮ್ಮನ ಮಗಳು. ನೋಡಿದ ಕೂಡಲೇ ಗುರುತು ಹಿಡಿದಳು. ಓನರಮ್ಮ ಹೋದದ್ದು ಅವಳಿಗೆ ಗೊತ್ತಿರಲಿಲ್ಲ, ನಾನೇ ಹೇಳಬೇಕಾಯಿತು. ಅನ್ನ ಕಲಸುತ್ತಿದ್ದ ಕೈ ನಿಂತಿತು.

"ಅಕ್ಕ, ನಮ್ಮವ್ವ ಆಡಿದ್ ಮಾತು ನೀವ್ ಕೇಳಿದ್ರಾ? ಅವ್ವನ ದನೀಲಿ?"

"ಇಲ್ಲಮ್ಮ. ಅವರೊಬ್ಬರೇ ಕೇಳಿದ್ದು."

ಕಲಸಿದ ಅನ್ನವನ್ನು ಎಲೆಯ ಅಂಚಿಗೆ ಸರಿಸಿದಳು. "ಯಾರೂ ಇಲ್ದಾಗ ನಮ್ಮವ್ವ ನನ್ನ ಒಂದ್ ಎಸ್ರಲ್ಲಿ ಕರೀತಿದ್ಲು. ನಂಗೂ ಅವ್ವಂಗೂ ಬುಟ್ರೆ ಇನ್ಯಾರ್ಗೂ ಗೊತ್ತಿಲ್ಲ. ನಂಗೇ ಅಂತ ಆಡಿದ್ ಮಾತಾದ್ರೆ ಅದ್ರಲ್ಲಿ ಆ ಎಸ್ರು ಬಂದೇ ಇರ್ತದೆ. ಟೀಚರಮ್ಮ ನಿಮ್ಮತ್ರ ಏನಾರ ಅಂದಿದ್ರಾ?"

ನನ್ನ ಹತ್ತಿರ ಓನರಮ್ಮ ಯಾವಾಗಲೂ 'ಅವಳ ಮಗಳು' ಅಂತಲೇ ಅನ್ನುತ್ತಿದ್ದರು. ಇಲ್ಲ ಅಂತ ತಲೆಯಾಡಿಸಿದೆ. ಓನರಮ್ಮನಿಗೆ ಆ ಹೆಸರು ಗೊತ್ತಿದ್ದಿರಬೇಕು. ಬದುಕಿದ್ದಷ್ಟು ದಿನವೂ ಗೊತ್ತಿದ್ದಿರಬೇಕು. ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದರು, ಇವಳೂ ನಂಬುತ್ತಿದ್ದಳು.

"ಅವತ್ತೇ ಕೇಳ್ಬೇಕಾಗಿತ್ತು" ಅಂದಳು. "ಸಿಟ್ನಲ್ಲಿ ತೋಚ್ಲಿಲ್ಲ."

ಬಡಿಸುವವನು ಪಾಯಸ ತಂದ. ಇಬ್ಬರೂ ಬೇಡ ಅಂದೆವು.